ಎರಡು ಚಂದ್ರರ ಕಡಲಿನ ವೇಗ

ಮಾರ್ಚ್ ೧೪, ಶನಿವಾರ

ಪ್ರೀತಿಯ ಮಿಂಚುಳ್ಳಿ,

ಈ ಹೆಸರು ಹಿಡಿದು ಕರೆಯಬೇಡ ಎಂದು ನೀನು ತಾಕೀತು ಮಾಡಿ ನಲವತ್ತೊಂದು ವರ್ಷವಾಯಿತು. ಇವತ್ತೊಂದು ದಿನ ಸಹಿಸಿಕೋ. ತಂಗಿಯ ಗಂಡನಿಗೆ ಕೊಡಬೇಕಾದ ಮರ್ಯಾದೆಯನ್ನೆಲ್ಲ ಲಕೋಟೆಯ ಮೇಲೆ ಕೊಟ್ಟಿದ್ದೇನೆ. ಒಳಗೆ ನಾವಿಬ್ಬರೂ ಹಳೆಯ ಗೆಳೆಯರು.

ನಿನ್ನ ಕಾಗದ ಬಂದು ಏಳು ವಾರವಾಯಿತು. ಉತ್ತರ ಎರಡು ವಾರ ತಡವಾದರೆ ಯಾವ ಕಚೇರಿಯನ್ನೂ ಬಿಡದೆ ಜ್ಞಾಪಿಸುವ ನಾನು, ಊರೆಲ್ಲ ‘ಅರ್ಜಿ’ ಎಂದು ಕರೆಯುವ ನಾನು, ನಿನ್ನ ವಿಷಯದಲ್ಲಿ ಸುಮ್ಮನೆ ಕೂತುಬಿಟ್ಟೆ. ಕ್ಷಮಿಸು. ಮಂಡಿನೋವು, ಕಣ್ಣಿನ ಪೊರೆ ಎಂದು ನೆಪ ಹೇಳಬಹುದಿತ್ತು. ನಿಜ ಏನೆಂದರೆ ಆರು ಸಲ ಬರೆದು ಆರು ಸಲವೂ ಹರಿದೆ.

ನೀನು ಬರೆದದ್ದು ನಾಲ್ಕೇ ಸಾಲು. ನಮ್ಮ ‘ಎರಡು ಚಂದ್ರರ ಕಡಲು’ ರೆಕಾರ್ಡನ್ನು ಕಂಪನಿಯವರು ಮತ್ತೆ ಹೊರತರುವುದಕ್ಕೆ ನೀನು ಸಹಿ ಹಾಕುವುದಿಲ್ಲ, ನಿನ್ನ ಮಂದಗೈಯನ್ನು ಜನ ಒಂದು ಸಲ ಕೇಳಿದ್ದೇ ಸಾಕು, ಎಂದು. ತಂಗಿ ಸಹಿ ಹಾಕಿದ್ದಾಳೆ, ನಾನು ಹಾಕಿದ್ದೇನೆ, ತೀರಿಕೊಂಡ ಡ್ರಮ್ಮಿನವನ ಪರವಾಗಿ ಅವನ ಮಗಳು ಹಾಕಿದ್ದಾಳೆ. ನಿನ್ನದಿಲ್ಲದೆ ಅದು ಹೊರಡುವುದಿಲ್ಲ. ಈ ತಿಂಗಳ ಕೊನೆಗೆ ಅವರಿಗೆ ಉತ್ತರ ಬೇಕು.

ಮೊದಲು ಊರಿನ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ಗ್ರಂಥಾಲಯವನ್ನು ಸಂಜೆ ಎರಡು ಗಂಟೆ ಮೊದಲೇ ಮುಚ್ಚುತ್ತಿದ್ದಾರೆ. ಕೇಳಿದರೆ ಓದುವವರಿಲ್ಲ ಅನ್ನುತ್ತಾರೆ. ಓದುವವರು ಕೆಲಸ ಮುಗಿಸಿ ಬರುವ ಹೊತ್ತಿಗೆ ಬೀಗ ಹಾಕಿದರೆ ಅವರೇನು ಕಿಟಕಿಯಲ್ಲಿ ಇಳಿಯಬೇಕೇ? ಮೂರು ಪತ್ರ ಬರೆದೆ. ನಿಮ್ಮ ಪತ್ರ ತಲುಪಿದೆ ಎಂದು ಉತ್ತರ ಬಂತು. ತಲುಪಿದೆಯೆಂದು ನನಗೂ ಗೊತ್ತು. ನಾನು ಮೂವತ್ತು ವರ್ಷ ಕರಡು ತಿದ್ದಿದ ಅಚ್ಚುಕೂಟವನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದ್ದಾರೆ. ನಾವು ನುಡಿಸಿದ ಮೂರನೇ ಮಹಡಿ ಈಗ ಬರೀ ಗಾಳಿ.

ಆ ಮಹಡಿ ನನಗೆ ಇಂಚಿಂಚೂ ನೆನಪಿದೆ. ವಾರದ ರಜೆಯ ದಿನ ಯಂತ್ರಗಳು ನಿಂತಿರುತ್ತಿದ್ದವು. ಸದ್ದು ಹೊರಗೆ ಹೋಗದ ಹಾಗೆ ಕಾಗದದ ಬಂಡಲುಗಳಿಂದಲೇ ಗೋಡೆ ಕಟ್ಟಿಕೊಳ್ಳುತ್ತಿದ್ದೆವು. ನಿನ್ನ ಗಿಟಾರಿಗೆ ಒಳಗೆ ಸ್ಪ್ರಿಂಗ್ ಇದ್ದ ಒಂದು ಪೆಟ್ಟಿಗೆ; ಒಂದೊಂದು ಸ್ವರವೂ ಬಾವಿಯೊಳಗಿಂದ ಒದ್ದೆಯಾಗಿ ಎದ್ದು ಬಂದ ಹಾಗೆ ಕೇಳುತ್ತಿತ್ತು. ತಂಗಿ ಕೆಟ್ಟ ರೇಡಿಯೋಗಳ ಹೊಟ್ಟೆ ಬಗೆದು ಒಂದು ಸಾಧನ ಮಾಡಿದ್ದಳು. ಕೈ ಹತ್ತಿರ ತಂದರೆ ಕಿರುಚುತ್ತದೆ, ದೂರ ಒಯ್ದರೆ ಗೊಣಗುತ್ತದೆ, ಥೇಟ್ ನಮ್ಮಣ್ಣನ ಹಾಗೆ, ಎಂದು ಎಲ್ಲರಿಗೂ ಪರಿಚಯ ಮಾಡಿಸುತ್ತಿದ್ದಳು.

ಅಲೆಯ ಮೇಲೆ ಹಲಗೆ ಹಾಕಿ ಜಾರುವವರ ಸಂಗೀತ ನಮಗೇಕೆ, ಕೆರೆಯನ್ನೂ ದಡದಿಂದಲೇ ನೋಡಿದವರು ನಾವು, ಎಂದು ಡ್ರಮ್ಮಿನವನು ತಕರಾರು ತೆಗೆದಿದ್ದ. ಆಗ ನನ್ನ ಚೀಲದ ತುಂಬ ಬಾಹ್ಯಾಕಾಶದ ಕತೆಗಳು. ಹಾಗಾದರೆ ಯಾರೂ ನೋಡದ ಕಡಲನ್ನೇ ಮಾಡೋಣ, ತಪ್ಪು ಹಿಡಿಯಲು ಯಾರೂ ಬರುವುದಿಲ್ಲ, ಎಂದೆ. ಎರಡು ಚಂದ್ರರಿರುವ ಗ್ರಹ, ಅದರ ಮೇಲೊಂದು ಕಡಲು. ಮೊದಲ ಹಾಡಿನಲ್ಲಿ ನೌಕೆ ಇಳಿಯುತ್ತದೆ. ಕೊನೆಯದರಲ್ಲಿ ನೌಕೆ ಹೊರಡುತ್ತದೆ, ಒಬ್ಬ ಮಾತ್ರ ದಡದಲ್ಲೇ ಉಳಿಯುತ್ತಾನೆ. ಹಾಡು ಎಂದರೂ ಒಂದು ಪದವಿಲ್ಲ. ಟೇಪ್ ಯಂತ್ರ ನೋಡಿಕೊಳ್ಳುವುದು ನನ್ನ ಪಾಲು. ನಾನು ಬದುಕಿನಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಸಂತೋಷವಾಗಿದ್ದದ್ದು ಅಲ್ಲಿ ಮಾತ್ರ.

ರೆಕಾರ್ಡ್ ಬಂದ ದಿನ ನಾಲ್ವರೂ ನನ್ನ ಕೋಣೆಯಲ್ಲಿ ಕೂತು ಕೇಳಿದೆವು. ಏನೋ ಭಾರ, ಏನೋ ತೂಕಡಿಕೆ. ಡ್ರಮ್ಮಿನವನು ನಿನ್ನ ಬೆನ್ನು ತಟ್ಟಿ, “ಮಿಂಚುಳ್ಳಿ ಅಂದ್ಕೊಂಡಿದ್ವಿ, ಇದು ಬಾತುಕೋಳಿ ಕಣಯ್ಯಾ” ಅಂದ. ಎಲ್ಲರೂ ನಕ್ಕೆವು. ನೀನೂ ನಕ್ಕೆ. ಆ ವಾರವೇ ಗಿಟಾರು ಮಂಚದ ಕೆಳಗೆ ಹೋಯಿತು, ನೀನು ಕನ್ನಡಕದ ಗಾಜು ಅರೆಯುವ ಕೆಲಸಕ್ಕೆ ಸೇರಿದೆ. ಕೂದಲೆಳೆಯಷ್ಟೂ ತಪ್ಪದ ಕೈ ಎಂದು ವೈದ್ಯರೆಲ್ಲ ನಿನ್ನನ್ನೇ ಹುಡುಕಿಕೊಂಡು ಬಂದರು. ನಿನಗೆ ಮಾತ್ರ ಆ ಕೈಯ ಮೇಲೆ ನಂಬಿಕೆ ಬರಲಿಲ್ಲ.

ಕಂಪನಿ ನಮ್ಮ ಟೇಪನ್ನು ಕೆಡಿಸಿದೆ ಎಂದು ನಾನು ಪತ್ರಿಕೆಗೆ ಬರೆದೆ. ನಿನಗೆ ನೆನಪಿರಬೇಕು. ನೀನು ಅದನ್ನು ಓದಿ, “ನನ್ನ ಮೇಲಿನ ಪ್ರೀತಿಗೆ ಬರೆದಿದ್ದೀಯ, ಅವರು ನಾನು ನುಡಿಸಿದ್ದನ್ನೇ ಅಚ್ಚು ಹಾಕಿದ್ದಾರೆ” ಎಂದಷ್ಟೇ ಹೇಳಿ ಎದ್ದು ಹೋದೆ.

ಈಗ ವಿಷಯಕ್ಕೆ ಬರುತ್ತೇನೆ. ಹದಿನೈದು ದಿನದ ಹಿಂದೆ ಕಂಪನಿಯಿಂದ ಧ್ವನಿ ಎಂಜಿನಿಯರ್ ಬಂದಿದ್ದಳು. ಮೂವತ್ತರ ಹೆಣ್ಣುಮಗಳು, ನಾವು ರೆಕಾರ್ಡ್ ಮಾಡುವಾಗ ಹುಟ್ಟಿಯೇ ಇರಲಿಲ್ಲ. ನಮ್ಮ ಮೂಲ ಟೇಪನ್ನು ಶುಚಿ ಮಾಡುತ್ತಿದ್ದಾಳೆ. ಕಂಪನಿಯವಳೆಂದು ಮೊದಲು ಮುಖ ಗಂಟು ಹಾಕಿಕೊಂಡೇ ಕಾಫಿ ಕೊಟ್ಟೆ. ಅವಳು ಲೋಟ ಪಕ್ಕಕ್ಕಿಟ್ಟು ಹೇಳಿದಳು:

“ಸಾರ್, ಹಳೇ ಟೇಪಲ್ಲಿ ಕರೆಂಟಿನ ಗುಂಯ್ ಅನ್ನೋ ಸದ್ದು ಇದ್ದೇ ಇರುತ್ತೆ. ಅದು ಸೆಕೆಂಡಿಗೆ ಐವತ್ತು ಸಲ ಅದುರಬೇಕು. ನಿಮ್ಮದರಲ್ಲಿ ನಲವತ್ತಾರೇ ಇದೆ. ಇಡೀ ರೆಕಾರ್ಡು ನೂರಕ್ಕೆ ಎಂಟು ಪಾಲು ನಿಧಾನ. ಗಿಟಾರಿನವರು ಇಷ್ಟು ನಿಧಾನ ನುಡಿಸೇ ಇಲ್ಲ.”

ವೇಗ ಸರಿಮಾಡಿ ನನ್ನ ಕಿವಿಗೆ ಹಾಕಿದಳು. ಮೂರನೇ ಹಾಡು, ಎರಡನೇ ಚಂದ್ರ ಮೂಡುವ ಜಾಗ. ಒಂದೇ ತಂತಿಯ ಮೇಲೆ ನಿನ್ನ ಕೈ ಹೊಲಿಗೆ ಯಂತ್ರದ ಸೂಜಿಯ ಹಾಗೆ ಓಡುತ್ತಿದೆ. ತಂಗಿಯ ಸಾಧನ ಅದರ ಮೇಲೆ ತೆಳ್ಳಗೆ ತೇಲುತ್ತಿದೆ. ಡ್ರಮ್ಮಿನವನು, ಪಾಪ, ನಿನ್ನ ಹಿಂದೆ ಏದುಸಿರು ಬಿಡುತ್ತಾ ಓಡಿ ಬರುತ್ತಿದ್ದಾನೆ. ಬಾತುಕೋಳಿ ಯಾರು ಎಂದು ಅವನನ್ನು ಕೇಳಲು ಈಗ ಅವನಿಲ್ಲ. ನಾನು ಆ ಹುಡುಗಿಯ ಮುಂದೆ ಕನ್ನಡಕ ಒರೆಸುವ ನೆಪ ಮಾಡಿದೆ. ನೀನೇ ಅರೆದು ಕೊಟ್ಟ ಕನ್ನಡಕ.

ಅಂದಹಾಗೆ, ಆ ಕಾಲದ ಒಬ್ಬ ವಿಮರ್ಶಕ ಬರೆದದ್ದನ್ನು ನಾನು ಇನ್ನೂ ಮರೆತಿಲ್ಲ. ಗುರುತ್ವ ಕಡಿಮೆಯಿರುವ ಗ್ರಹದಲ್ಲಿ ಅಲೆಗಳು ನಿಧಾನವಾಗಿ ಬೀಳುತ್ತವೆ, ಗಿಟಾರ್ ವಾದಕರು ಅದನ್ನು ಚಿಂತನಪೂರ್ವಕವಾಗಿ ಹಿಡಿದಿದ್ದಾರೆ, ಎಂದಿದ್ದ ಮಹಾಶಯ.

ತಂಗಿಗೆ ಫೋನಿನಲ್ಲೇ ಕೇಳಿಸಿದೆ. ಇನ್ನೊಮ್ಮೆ ಹಾಕು ಅಂದಳು. ಆಮೇಲೆ, “ಅಣ್ಣ, ಅವರಿಗೆ ನೀನೇ ಹೇಳು. ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಿದ್ದಾಳೆ ಅಂದ್ಕೋತಾರೆ” ಅಂದಳು. ಅದಕ್ಕೇ ಹೇಳುತ್ತಿದ್ದೇನೆ. ನಿನ್ನ ಕೈ ಎಂದೂ ಮಂದವಾಗಿರಲಿಲ್ಲ. ಅವತ್ತು ಆ ಕೋಣೆಯಲ್ಲಿ ನಾವು ಕೇಳಿದ್ದು ನಿನ್ನನ್ನಲ್ಲ. ಸರಿಮಾಡಿದ ಹಾಡುಗಳನ್ನು ಆ ಎಂಜಿನಿಯರ್ ನಿನಗೆ ಬೇರೆಯಾಗಿ ಕಳಿಸುತ್ತಾಳೆ. ಕೇಳಿ, ಆಮೇಲೆ ಸಹಿಯ ವಿಚಾರ ಮಾಡು.

ಮೊಮ್ಮಗಳಿಗೆ ನನ್ನ ಆಶೀರ್ವಾದ. ಅವಳು ನನಗೆ ಬರೆದ ಕಾಗದದ ಕಾಗುಣಿತ ತಿದ್ದಿ ವಾಪಸು ಕಳಿಸಬೇಕೆಂದಿದ್ದೆ, ತಂಗಿ ಬೈದಾಳೆಂದು ಬಿಟ್ಟೆ. ನಿಮ್ಮಿಬ್ಬರ ಆರೋಗ್ಯ ಚೆನ್ನಾಗಿರಲಿ, ನಿಮ್ಮ ಮನೆಯಲ್ಲಿ ಮತ್ತೆ ಸದ್ದು ತುಂಬಲಿ.

ಇಂತಿ ನಿನ್ನ,
ಅರ್ಜಿ

ತಾ.ಕ.: ವೇಗ ತಪ್ಪಿದ್ದು ಹೇಗೆ ಎಂದು ನೀನು ಕೇಳುತ್ತೀಯ. ಆ ಹುಡುಗಿಯೂ ಕೇಳಿದಳು. ನಿಮ್ಮ ಕಂಪನಿಯ ಹಳಬರನ್ನು ಕೇಳಿ ಎಂದೆ. ಸುಳ್ಳು ಹೇಳಿದೆ.

ನಮ್ಮ ಟೇಪ್ ಯಂತ್ರದ ಮೋಟಾರಿನಲ್ಲಿ ಟೇಪನ್ನು ಎಳೆಯುವ ಅಚ್ಚಿಗೆ ತೊಡಿಸುವ ಎರಡು ಹಿತ್ತಾಳೆ ಕೊಳವೆಗಳಿದ್ದವು, ಒಂದು ತೆಳು, ಒಂದು ದಪ್ಪ. ರೆಕಾರ್ಡಿಂಗಿನ ಹಿಂದಿನ ದಿನ ಯಂತ್ರ ಶುಚಿ ಮಾಡಿದವನು ನಾನು. ತೆಳುವಿನ ಜಾಗದಲ್ಲಿ ದಪ್ಪದ್ದನ್ನು ಕೂರಿಸಿದೆ. ದಪ್ಪದ್ದು ಸುತ್ತಿಗೆ ಹೆಚ್ಚು ಎಳೆಯುವುದರಿಂದ ಟೇಪು ಬೇಗ ಓಡಿತು. ನಮ್ಮ ಯಂತ್ರದಲ್ಲಿ ತಿರುಗಿ ಕೇಳುವಾಗಲೂ ಅಷ್ಟೇ ಬೇಗ ಓಡಿದ್ದರಿಂದ ನಮಗೆ ಗೊತ್ತಾಗಲಿಲ್ಲ. ಕಂಪನಿಯ ಯಂತ್ರ ಸರಿಯಾಗಿತ್ತು. ಬೇಗ ಓಡಿ ತುಂಬಿದ ಟೇಪು ಅಲ್ಲಿ ಸರಿಯಾದ ವೇಗಕ್ಕೆ ಇಳಿದಾಗ ನೀನು ನಿಧಾನವಾದೆ.

ಪತ್ರಿಕೆಯಲ್ಲಿ ನನ್ನ ಆರೋಪ ಅಚ್ಚಾದ ವಾರಕ್ಕೆ ಕಂಪನಿಯವರ ಉತ್ತರ ನನಗೆ ಬಂತು, ಒಂದೇ ಹಾಳೆ, ಸೌಜನ್ಯದ್ದು. ನಿಮ್ಮ ಯಂತ್ರವನ್ನೊಮ್ಮೆ ಬಿಚ್ಚಿ ನೋಡಿ ಎಂದಿದ್ದರು. ಬಿಚ್ಚಿದೆ, ನೋಡಿದೆ. ಅಷ್ಟರಲ್ಲಿ ಜನ ದಾರಿಯಲ್ಲಿ ನಿಲ್ಲಿಸಿ ನನ್ನ ಕೈ ಕುಲುಕುತ್ತಿದ್ದರು. ನಾಳೆ ನಿನಗೆ ಹೇಳೋಣ ಎಂದುಕೊಂಡೆ. ಆ ನಾಳೆಗೆ ನಲವತ್ತೊಂದು ವರ್ಷ. ಈ ಊರಿನ ಒಂದೊಂದು ಕಚೇರಿಯಿಂದಲೂ ತಪ್ಪೊಪ್ಪಿಗೆ ಕೇಳಿದ್ದೇನೆ. ನಿನಗೆ ಕೊಡಬೇಕಾದದ್ದನ್ನು ಮಾತ್ರ ಕೊಡಲಿಲ್ಲ.

ತಪ್ಪು ನನ್ನದು, ಕಂಪನಿಯದಲ್ಲ ಎಂದು ನಿನ್ನೆ ಅದೇ ಪತ್ರಿಕೆಗೆ ಬರೆದು ಹಾಕಿದೆ. ಮುಂದಿನ ಭಾನುವಾರ ಬರಬಹುದು. ಅಷ್ಟರೊಳಗೆ ತಂಗಿಗೆ ನೀನೇ ಹೇಳಿಬಿಡು. ಅವಳು ಫೋನಿನಲ್ಲಿ ಅಳುತ್ತಿದ್ದಳು, ನನಗೆ ಬಾಯಿ ಬರಲಿಲ್ಲ.