ಹದಿನಾಲ್ವರಲ್ಲಿ ಇಬ್ಬರು

ಮಾರ್ಚ್ 4, ಸೋಮವಾರ. ಬೆಳಿಗ್ಗೆ 7.10

ಶೂ ಪಾಲಿಶ್ ಆಯಿತು. ಬಿಸಿಲೆಂದರೂ ಟೈ ಬಿಡುವಂತಿಲ್ಲ — ವಿಮಾ ಶಾಖೆಯ ನಿಯಮ. ಇಂದು ಮೂರು ಭೇಟಿ: ಔಷಧಿ ಅಂಗಡಿಯವರು, ಹಲ್ಲಿನ ಡಾಕ್ಟರು, ಹೆಂಡತಿಯ ಸೋದರತ್ತೆಯ ಮಗ. ಮೂರನೆಯವರು ಕಳೆದ ವಾರ ನನ್ನನ್ನು ದೂರದಿಂದಲೇ ಕಂಡು ರಸ್ತೆಯ ಆಚೆ ಬದಿಗೆ ದಾಟಿದರು. ದಾಟಿದ ಮೇಲೆ ಅಲ್ಲೇನೂ ಕೆಲಸವಿಲ್ಲವೆಂದು ತಿಳಿದು, ಬೀಗ ಹಾಕಿದ ಅಂಗಡಿಯೊಂದರ ಬೋರ್ಡನ್ನು ಬಹಳ ಹೊತ್ತು ಓದಿದರು.

ಇಪ್ಪತ್ತಾರು ವರ್ಷ ಒತ್ತಡ ಮಾಪಕಗಳನ್ನು ಪರೀಕ್ಷಿಸಿದವನು ನಾನು. ಮುಳ್ಳು ಸುಳ್ಳು ತೋರಿಸಿದರೆ ಬಾಯ್ಲರ್ ಸಿಡಿಯುತ್ತದೆ. ಅಂಥ ಮಾಪಕಕ್ಕೆ ಕೆಂಪು ಚೀಟಿ ಅಂಟಿಸಿದರೆ ನನ್ನ ಕೆಲಸ ಮುಗಿಯಿತು. ಯಾರ ಮನ ಒಲಿಸುವ ಅಗತ್ಯವೂ ಇರಲಿಲ್ಲ. ಕಾರ್ಖಾನೆ ಮುಚ್ಚಿ ಹದಿನಾಲ್ಕು ತಿಂಗಳಾಯಿತು. ವಿಮಾ ಏಜೆಂಟನಾಗಿ ಒಂಬತ್ತು.

ಅದೇ ದಿನ, ಸಂಜೆ 6.30

ಮೂರೂ ಭೇಟಿ ಶೂನ್ಯ. ಡಾಕ್ಟರು ಮಾತ್ರ ನಕ್ಕು ಹೇಳಿದರು: "ಬಾಯಿ ತೆಗೀರಿ ಅನ್ನೋದು ನನ್ನ ಕೆಲಸ ಸಾರ್. ನೀವು ವಿಮೆಯವರು ಬಾಯಿ ತೆಗೆದ್ರೆ ಮುಚ್ಚೋದೇ ಇಲ್ಲ." ಅವರಲ್ಲಿ ನಾನು ಆಡಿದ್ದು ಒಟ್ಟು ಆರು ವಾಕ್ಯ.

ಮಾರ್ಚ್ 6, ಬುಧವಾರ. ಮಧ್ಯಾಹ್ನ 1.40

ಲೇತ್ ಮಾಸ್ಟರ್ ಈ ತಿಂಗಳೂ ಕಂತು ಕಟ್ಟಿಲ್ಲ. ಕಾರ್ಖಾನೆಯಲ್ಲಿ ನನ್ನ ಪಕ್ಕದ ಶೆಡ್ಡಿನವರು. ನನ್ನ ಮೊದಲ ಗ್ರಾಹಕ. ಸ್ನೇಹಕ್ಕಾಗಿ ಪಾಲಿಸಿ ಮಾಡಿಸಿದರು, ಕೆಲಸವಿಲ್ಲದೆ ನಿಲ್ಲಿಸಿದರು. ತಪ್ಪು ಅವರದಲ್ಲ.

ಆದರೆ ಹದಿಮೂರು ತಿಂಗಳೊಳಗೆ ಪಾಲಿಸಿ ನಿಂತುಹೋದರೆ ನನಗೆ ಕೊಟ್ಟ ಕಮಿಷನ್ ಪೂರ್ತಿ ವಾಪಸ್ — ಇಲ್ಲಿ ಅದಕ್ಕೆ ರಿಕವರಿ ಎನ್ನುತ್ತಾರೆ. ಆದ್ದರಿಂದ ಅವರ ಕಂತನ್ನು ನಾನೇ ಕಟ್ಟಿದೆ. ಇದು ಐದನೆಯ ಸಲ. ಇನ್ನೂ ಇಬ್ಬರದು ಹೀಗೆಯೇ ನಡೆದಿದೆ. ಶಾಖೆಯಲ್ಲಿ ಎಲ್ಲರೂ ಮಾಡುವುದು, ಯಾರೂ ಹೇಳದಿರುವುದು. ಕಾರ್ಖಾನೆಯವರು ಕೊನೆಗೆ ಕೊಟ್ಟ ಮೊತ್ತದಿಂದ ತೆಗೆಯುತ್ತಿದ್ದೇನೆ. ಅದು ಬ್ಯಾಂಕಿನಲ್ಲಿ ಹಾಗೆಯೇ ಇದೆಯೆಂದು ಹೆಂಡತಿ ತಿಳಿದಿದ್ದಾಳೆ.

ಮಾರ್ಚ್ 12, ಮಂಗಳವಾರ. ಸಂಜೆ 5.00

ಬಿಡುತ್ತೇನೆಂದು ಮ್ಯಾನೇಜರಿಗೆ ಹೇಳಿದೆ. ಆತನಿಗೆ ಇಪ್ಪತ್ತೊಂಬತ್ತು ವರ್ಷ. ಪ್ರತಿ ಬೆಳಗಿನ ಮೀಟಿಂಗನ್ನೂ ಚಪ್ಪಾಳೆಯಿಂದ ಮುಗಿಸುವುದರಿಂದ ಬೆನ್ನ ಹಿಂದೆ ಎಲ್ಲರಿಗೂ 'ಚಪ್ಪಾಳೆ'. ಕೆಟ್ಟವನಲ್ಲ. ಕುರ್ಚಿ ಎಳೆದು ಕೊಟ್ಟ, ನೀರು ತರಿಸಿದ.

"ಬಿಡಿ ಸಾರ್, ಬೇಡ ಅನ್ನೋಕೆ ನಾನ್ಯಾರು? ಆದ್ರೆ ಆರು ತಿಂಗಳು ಭತ್ಯೆ ಅಂತ ತಗೊಂಡ್ರಲ್ಲ..."

"ಅದು ಸಂಬಳದ ಬದಲಿಗೆ ಕೊಟ್ಟಿದ್ದು."

"ಅಡ್ವಾನ್ಸ್ ಸಾರ್. ಎರಡು ವರ್ಷದ ಒಳಗೆ ಬಿಟ್ರೆ ವಾಪಸ್ ಕಟ್ಬೇಕು. ಒಂಬತ್ತನೇ ಪುಟ. ನಿಮ್ದೇ ಸಹಿ."

ಓದಿದೆ. ನಿಜ. ಒಂದು ಗೆರೆಯ ಹತ್ತನೇ ಒಂದು ಭಾಗ ತಪ್ಪಿದರೂ ಹಿಡಿಯುತ್ತಿದ್ದವನು, ಒಂಬತ್ತನೆಯ ಪುಟವನ್ನು ಓದದೆ ಸಹಿ ಹಾಕಿದ್ದೇನೆ. ಅಂದು ಕೈಯಲ್ಲಿ ಕೆಲಸವೊಂದು ಇದ್ದರೆ ಸಾಕಾಗಿತ್ತು.

"ದಾರಿ ಒಂದಿದೆ," ಎಂದ. "ನಿಮ್ಮ ಹೆಸರಲ್ಲಿ ಒಬ್ಬರನ್ನ ಸೇರಿಸಿ. ಅವರು ಮೂರು ತಿಂಗಳು ನಿಂತ್ರೆ ನಿಮ್ಮ ಅಡ್ವಾನ್ಸ್ ಪೂರ್ತಿ ಮನ್ನಾ. ಆಮೇಲೆ ನೀವು ಸ್ವತಂತ್ರ. ನಿಮಗೇನು ಕಷ್ಟ ಸಾರ್? ನಿಮ್ಮ ಮುಖಾನೇ ಒಂದು ಬ್ರೋಷರ್. ನೋಡಿದವರಿಗೆ ಮೇಷ್ಟ್ರನ್ನ ಕಂಡ ಹಾಗಾಗತ್ತೆ."

ಒಬ್ಬ ಹೊರಗೆ ಹೋಗಲು ಇನ್ನೊಬ್ಬ ಒಳಗೆ ಬರಬೇಕು. ಯಂತ್ರವೊಂದನ್ನು ಹೀಗೆ ವಿನ್ಯಾಸ ಮಾಡಿದ್ದರೆ ಮೆಚ್ಚುತ್ತಿದ್ದೆ.

ಮಾರ್ಚ್ 21, ಗುರುವಾರ. ಬೆಳಿಗ್ಗೆ 8.00

ಲೇತ್ ಮಾಸ್ಟರ್ ಫೋನ್ ಮಾಡಿದ್ದರು. ಕಂತಿನ ವಿಷಯವಲ್ಲ. "ಸಾರ್, ನಿಮ್ಮಲ್ಲಿ ನನ್ನನ್ನೂ ಸೇರಿಸ್ಕೊಳ್ತೀರಾ?"

ನಾನು ಹುಡುಕಿಕೊಂಡು ಹೋಗಲಿಲ್ಲ. ತಾವಾಗಿಯೇ ಬಂದರು.

ಹೆಂಡತಿ ಇಸ್ತ್ರಿ ಮಾಡುತ್ತ ಕೇಳಿಸಿಕೊಂಡಿದ್ದಳು. "ಸೇರಿಸ್ಬಿಡಿ. ನೀವೂ ಬಿಡ್ಬಹುದು, ಅವರಿಗೂ ಒಂದು ದಾರಿ ಆಗತ್ತೆ."

"ದಾರಿ ಅಲ್ಲ ಅದು."

"ಹಾಗಾದ್ರೆ ನೀವ್ಯಾಕೆ ದಿನಾ ಅದೇ ದಾರೀಲಿ ಹೋಗ್ತೀರಿ, ಟೈ ಕಟ್ಕೊಂಡು?"

ಉತ್ತರ ಇತ್ತು. ಐದು ಕಂತಿನಷ್ಟು ಉದ್ದದ ಉತ್ತರ. ಹೇಳದೆ ಟೈ ಬಿಗಿದುಕೊಂಡೆ.

ಮಾರ್ಚ್ 23, ಶನಿವಾರ. ಸಂಜೆ 7.15

ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ ಲೇತ್ ಮಾಸ್ಟರನ್ನು ಕಂಡೆ. ಹಾಳೆಯಲ್ಲಿ ಎಲ್ಲವನ್ನೂ ಬರೆದುಕೊಂಡು ಹೋಗಿದ್ದೆ. ಸಂಬಳವಿಲ್ಲ. ಭತ್ಯೆಯೆಂಬುದು ಸಾಲ. ಮಾರಿದ ಪಾಲಿಸಿ ನಿಂತರೆ ರಿಕವರಿ. ಮೊದಲ ಮೂರು ತಿಂಗಳು ಬಂಧುಗಳು ಕೊಳ್ಳುತ್ತಾರೆ, ನಾಲ್ಕನೆಯದರಿಂದ ಬಾಗಿಲು ಹಾಕಿಕೊಳ್ಳುತ್ತಾರೆ. ಕೊನೆಯ ಸಾಲು: ನನ್ನ ತಂಡದಲ್ಲಿ ಸೇರಿದವರು ಹದಿನಾಲ್ಕು ಮಂದಿ, ಇಂದು ಉಳಿದವರು ಇಬ್ಬರು.

ನನ್ನ ಬಿಡುಗಡೆಯ ವಿಷಯವನ್ನೂ ಮುಚ್ಚಿಡಲಿಲ್ಲ. ಅವರ ಕಂತಿನ ವಿಷಯ ಮಾತ್ರ ಬಾಯಿಗೆ ಬರಲಿಲ್ಲ.

ಅವರು ಹಾಳೆಯನ್ನು ಎರಡು ಸಲ ಓದಿದರು. ಅಳತೆಯ ನಕ್ಷೆಯನ್ನು ಓದುತ್ತಿದ್ದಂತೆಯೇ, ಬೆರಳಿಟ್ಟು.

"ಇಬ್ಬರಲ್ಲಿ ಒಬ್ಬರು ನೀವೇ ಅಲ್ವಾ ಸಾರ್?"

"ಹೌದು."

"ಮಾತೇ ಆಡದ ನೀವೇ ನಿಂತಿದೀರಿ. ನನ್ನ ಬಾಯಿ ನಿಮಗೆ ಗೊತ್ತಲ್ಲ, ಸತ್ತವರನ್ನೂ ಎಬ್ಬಿಸಿ ಟೀ ಕುಡಿಸ್ತೀನಿ. ನಾನ್ಯಾಕೆ ನಿಲ್ಲಲ್ಲ?"

"ಮಾಸ್ಟರ್, ಹನ್ನೆರಡು ಜನ—"

"ಎಂಟು ಕಡೆ ಕೇಳ್ದೆ ಸಾರ್. ನಲವತ್ತೇಳು ಅಂದ ತಕ್ಷಣ ಫೈಲ್ ಮುಚ್ತಾರೆ. ನಿಮ್ಮಲ್ಲಿ ಮಾತ್ರ ವಯಸ್ಸು ಕೇಳಲ್ವಂತೆ."

ಅಂಕಿ ತೋರಿಸಿದರೆ ಸಾಕು, ಅದೇ ಮಾತನಾಡುತ್ತದೆ ಎಂದು ಇಪ್ಪತ್ತಾರು ವರ್ಷ ನಂಬಿದ್ದೆ. ಕೆಂಪು ಚೀಟಿಯನ್ನು ಕಂಡವರು ವಾಲ್ವ್ ತಿರುಗಿಸುವುದಿಲ್ಲ. ಆದರೆ ಹಸಿದವನಿಗೆ ಹದಿನಾಲ್ಕರಲ್ಲಿ ಎರಡು ಎಂದರೆ ಸೊನ್ನೆಯಲ್ಲ — ಎರಡು.

ಮಾರ್ಚ್ 25, ಸೋಮವಾರ. ಮಧ್ಯಾಹ್ನ 12.20

ಮಾಸ್ಟರ್ ಸೇರುವ ಅರ್ಜಿಯಲ್ಲಿ 'ಪರಿಚಯಿಸಿದವರ ಸಹಿ' ಎಂಬಲ್ಲಿ ನಾನು ಸಹಿ ಹಾಕಲಿಲ್ಲ. ಲೇತ್ ಮಾಸ್ಟರ್ ಮುಖ ಸಣ್ಣದು ಮಾಡಿಕೊಂಡರು. ನನಗೆ ಅವರ ಮೇಲೆ ನಂಬಿಕೆಯಿಲ್ಲ ಎಂದುಕೊಂಡರೋ ಏನೋ. ಚಪ್ಪಾಳೆ ಅರ್ಜಿಯನ್ನು ತನ್ನತ್ತ ಎಳೆದುಕೊಂಡ. ಪೆನ್ನು ತೆಗೆದು ತನ್ನ ಹೆಸರು ಬರೆದುಕೊಂಡ.

"ಕೈಗೆ ಬಂದ ತುತ್ತು ಸಾರ್. ನೀವು ಬೇಡ ಅಂದ್ರೆ ನನಗೇನು, ನನ್ನ ತಟ್ಟೆ ಇದ್ದೇ ಇದೆ."

ಅಂದರೆ: ಅವರು ಸೇರಿದರು. ನಾನು ಉಳಿದೆ. ಯಾರನ್ನೂ ತಪ್ಪಿಸಿದಂತಾಗಲಿಲ್ಲ, ನನ್ನ ಹೆಸರು ಮಾತ್ರ ಚೊಕ್ಕಟವಾಗಿದೆ. ಇದರ ಬೆಲೆ, ಎರಡು ವರ್ಷ ತುಂಬುವವರೆಗೆ ಇನ್ನೂ ಹದಿನೈದು ತಿಂಗಳು.

ಏಪ್ರಿಲ್ 9, ಮಂಗಳವಾರ. ಸಂಜೆ 6.00

ಹಳೆಯ ಸ್ಟೋರ್‌ಕೀಪರರ ಮನೆಗೆ ಹೋದೆ. ಗೇಟಿನಲ್ಲೇ ಕೈಮುಗಿದರು. "ನಿನ್ನೆ ತಾನೇ ಲೇತ್ ಮಾಸ್ಟರಿಗೆ ಸಹಿ ಹಾಕಿಕೊಟ್ಟೆ ಮಾರಾಯ್ರೆ. ಪಾಪ, ಕಣ್ಣಲ್ಲಿ ನೀರು ತಂದ್ಕೊಂಡ. ಹೋದ ವರ್ಷ ನೀವೂ ಅತ್ತಿದ್ರೆ ನಿಮಗೇ ಕೊಡ್ತಿದ್ದೆ."

ತಮಾಷೆಗೆ ಹೇಳಿದ್ದು. ನಗಲು ಯತ್ನಿಸಿದೆ.

ಫಿಟ್ಟರ್, ವೆಲ್ಡರ್, ಕ್ಯಾಂಟೀನಿನವರು — ಎಲ್ಲ ಬಾಗಿಲಲ್ಲೂ ಮಾಸ್ಟರ್ ನನಗಿಂತ ಮೊದಲು. ಬೆಳಗಿನ ಮೀಟಿಂಗಿನಲ್ಲಿ ಅವರಿಗೆ ಚಪ್ಪಾಳೆ. ನಾನೂ ತಟ್ಟಿದೆ.

ಏಪ್ರಿಲ್ 28, ಭಾನುವಾರ. ಬೆಳಿಗ್ಗೆ 11.05

ಲೇತ್ ಮಾಸ್ಟರ್ ಹೊರಗಿನ ಕೋಣೆಯಲ್ಲಿ ಕುಳಿತಿದ್ದಾರೆ. ಓದುವ ಕನ್ನಡಕ ಹುಡುಕಿ ತರುತ್ತೇನೆಂದು ಎದ್ದು ಬಂದೆ. ಅದು ಕಣ್ಣ ಮೇಲೆಯೇ ಇದೆ. ಅವರೂ ಅದನ್ನು ಕಂಡರು.

ಟೈ ಸರಿಯಾಗಿ ಕಟ್ಟಿಲ್ಲ. ಸೊರಗಿದ್ದಾರೆ. ಒಳ ಬಂದವರೇ ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು.

"ಆಫೀಸಿನ ಕಂಪ್ಯೂಟರಲ್ಲಿ ನನ್ನ ಪಾಲಿಸಿ ನೋಡ್ದೆ ಸಾರ್. ಚಾಲ್ತೀಲಿದೆ. ಆರು ತಿಂಗಳಿಂದ ನಾನು ಒಂದು ಕಾಸೂ ಕಟ್ಟಿಲ್ಲ."

ಕೈ ಬಿಡಿಸಿಕೊಂಡು ಕುರ್ಚಿ ತೋರಿಸಿದೆ.

"ಆವತ್ತು ಆ ಹಾಳೇಲಿ ಇದನ್ನೂ ಬರೀಬೇಕಿತ್ತು ಸಾರ್ ನೀವು. ಇದೊಂದು ಗೊತ್ತಿದ್ದಿದ್ರೆ ನಾನು ಸೇರ್ತಾನೇ ಇರ್ಲಿಲ್ಲ."

ಬಿಟ್ಟುಬಿಟ್ಟ ಒಂದೇ ಒಂದು ಅಂಕಿ.

ಆಮೇಲೆ ಮಾಸ್ಟರ್ ಚೀಲದ ಜಿಪ್ ಎಳೆದು ಪಾಲಿಸಿಯ ಫಾರಂ ಹೊರತೆಗೆದರು. ನಾಡಿದ್ದು ತಿಂಗಳ ಕೊನೆ. ಇನ್ನೊಂದು ಪಾಲಿಸಿ ಆಗದಿದ್ದರೆ ಅವರ ಭತ್ಯೆ ನಿಲ್ಲುತ್ತದೆ. "ಕೇಳೋಕೆ ನಾಚಿಕೆ ಆಗತ್ತೆ ಸಾರ್. ಬೇರೆ ಯಾರೂ ಉಳಿದಿಲ್ಲ."

ಇಂಥವೇ ಕುರ್ಚಿಗಳಲ್ಲಿ ಕುಳಿತು, ಇದೇ ವಾಕ್ಯವನ್ನು, ನಾನು ಎಷ್ಟು ಮನೆಗಳಲ್ಲಿ ಹೇಳಬೇಕಾಗಿ ಬಂದು ಹೇಳದೆ ಎದ್ದಿದ್ದೇನೆ... ಅವರು ಹೇಳಿಬಿಟ್ಟರು.

ಸಹಿ ಹಾಕಿದರೆ ಹದಿಮೂರು ತಿಂಗಳು ಕಟ್ಟಬೇಕು. ನಿಲ್ಲಿಸಿದರೆ ರಿಕವರಿ ಅವರ ಮೇಲೆ. ಆಗ ನನ್ನ ಕಂತನ್ನು ಅವರು ಕಟ್ಟುತ್ತಾರೆ, ಅವರದನ್ನು ನಾನು ಕಟ್ಟುತ್ತಿದ್ದೇನೆ—

ಹೆಂಡತಿ ಟೀ ತಂದಿರಬೇಕು. ಲೋಟ ಇಟ್ಟ ಸದ್ದು. ಅವಳ ದನಿ:

"ಆರು ತಿಂಗಳಿಂದ ನೀವು ಕಟ್ಟಿಲ್ಲ ಅಂದ್ರಿ. ಹಾಗಾದ್ರೆ ಕಟ್ಟಿದ್ದು ಯಾರು?"

ಸತ್ತವರನ್ನೂ ಎಬ್ಬಿಸುವ ಮನುಷ್ಯನ ಬಾಯಿಂದ ಮಾತು ಹೊರಡುತ್ತಿಲ್ಲ. ಅವಳು ಮತ್ತೆ ಕೇಳುತ್ತಿದ್ದಾಳೆ. ಈಗ ನಾನೇ ಹೊರಗೆ ಹೋಗಿ ಹೇಳಬೇಕು—