ಕರ್ಕೊಂಡು ಹೋದವರ ಸಹಿ

12 ಆಗಸ್ಟ್ 2024, ಸೋಮವಾರ

ಮತ್ತೆ ಸೀನು. ಹಳೇ ರಿಜಿಸ್ಟರ್ ಧೂಳು. ಸೈಕಿಯಾಟ್ರಿ ಡಿಪಾರ್ಟ್‌ಮೆಂಟ್‌ಗೆ ಐವತ್ತು ವರ್ಷ, ಸ್ಮರಣ ಸಂಚಿಕೆಗೆ ಚರಿತ್ರೆ ಬೇಕಂತೆ. ಬರೆಯೋಳು ಮೂರು ತಿಂಗಳ ಕಾಂಟ್ರ್ಯಾಕ್ಟ್‌ನ ನಾನು. ಎಚ್‌ಓಡಿ ಯೋಗಾನಂದ ಸಾರ್‌ಗೆ ಬರೀ ಫೋಟೋ ಸಾಕು — ಮೊದಲ ಬ್ಯಾಚು, ರಿಬ್ಬನ್ ಕಟಿಂಗು. ಪೇಷಂಟ್‌ಗಳದ್ದು ಒಂದು ಸಾಲೂ ಬೇಡವಂತೆ. ಮತ್ತೆ ಇದು ಯಾರ ಚರಿತ್ರೆ...

ಮಧ್ಯಾಹ್ನ ಆಯಾ ಅಂಜನಮ್ಮ ಊಟದ ತಟ್ಟೆ ಹಿಡ್ಕೊಂಡು ಹಳೇ ಹೆಂಗಸರ ವಾರ್ಡ್ ಕಡೆ ಹೋದ್ರು. ಅದಕ್ಕೆ ಬೀಗ ಬಿದ್ದು ಎಂಟು ವರ್ಷ.

13, ಮಂಗಳವಾರ

ಅಂಜನಮ್ಮನ್ನ ಕೇಳಿಯೇ ಬಿಟ್ಟೆ. "ಡಯಟ್ ಶೀಟಲ್ಲಿ ಒಂದೂಟ ಬರುತ್ತಲ್ಲ ಮೇಡಂ, ಕಿಟಕೀಲಿ ಇಟ್ಟು ಬರ್ತೀನಿ" ಅಂದ್ರು.

ಊಟದ ಲೆಕ್ಕದ ಆ ಡಯಟ್ ಶೀಟ್ ಅಂದ್ರೆ ದಿನಾ ನಿನ್ನೇದನ್ನ ಕಾಪಿ ಮಾಡೋದು. ಮನೆಯವರು ಸೈನ್ ಹಾಕಿ ಕರ್ಕೊಂಡು ಹೋದ್ರೆ ಮಾತ್ರ ಬೆಡ್ ನಂಬರ್ ಹೊಡೆದು ಹಾಕಬೇಕು. ಆ ವಾರ್ಡಿನ ಒಂಬತ್ತನೇ ಬೆಡ್‌ಗೆ ಯಾರೂ ಸೈನ್ ಹಾಕಿಲ್ಲ. ಹಂಗೇ ಇಳಿಸ್ಕೊಂಡು ಬಂದಿದಾರೆ. ಎಂಥಾ ಜನ.

"ತಟ್ಟೆ ಯಾರು ಖಾಲಿ ಮಾಡ್ತಾರೆ? ಬೆಕ್ಕಾ?"

"ಬೆಕ್ಕು ತಟ್ಟೆ ತೊಳೆದಿಡುತ್ತಾ ಮೇಡಂ?" ಆಯಮ್ಮ ನಗಲಿಲ್ಲ.

16, ಶುಕ್ರವಾರ

1984ರ ಅಡ್ಮಿಷನ್ ರಿಜಿಸ್ಟರ್ ಸಿಕ್ತು. ಬೆಡ್ 9. ಅನಂತಲಕ್ಷ್ಮಿ, 22 ವರ್ಷ, ಬ್ಯಾಡರಹಳ್ಳಿ. ಕರ್ಕೊಂಡು ಬಂದವರು: ತಂದೆ ರಾಮಯ್ಯ.

ರಾಮಯ್ಯ ನಮ್ಮ ತಾತ. ಅನಂತಲಕ್ಷ್ಮಿ ಅಮ್ಮನ ಅಕ್ಕ, ನನ್ನ ದೊಡ್ಡಮ್ಮ. ಜ್ವರ ಬಂದು ತೀರ್ಕೊಂಡ್ರು ಅಂತಾನೇ ಇಷ್ಟು ವರ್ಷ ಕೇಳಿರೋದು.

ಸಾವಿನ ರಿಜಿಸ್ಟರ್ ಮೂರು ಸಲ ನೋಡಿದೆ. ಹೆಸರಿಲ್ಲ. ಅಡ್ಮಿಷನ್ ರಿಜಿಸ್ಟರ್‌ನ 'ಕರ್ಕೊಂಡು ಹೋದವರ ಸಹಿ' ಕಾಲಮ್ಮೂ ಖಾಲಿ.

18, ಭಾನುವಾರ

ಅಮ್ಮನ್ನ ಕೇಳ್ದೆ. ಸೊಪ್ಪು ಬಿಡಿಸ್ತಾ ಇದ್ರು. ತಲೆ ಎತ್ತದೇ ಅಂದ್ರು — "ನನ್ನ ಮದುವೆ ಗೊತ್ತಾಗಿತ್ತು ಕಣೇ. ಹುಚ್ಚಿಯ ತಂಗೀನ ಯಾರು ಮಾಡ್ಕೋತಾರೆ? ಅಪ್ಪ ಅಕ್ಕನ್ನ ಕರ್ಕೊಂಡು ಬರ್ತೀನಿ ಅಂತ ಹೊರಟಿದ್ರು. ನಾನೇ ಬೇಡ ಅಂದೆ."

ಸಿಟ್ಟು ಬಂತು. ಪಾಪಾನೂ ಅನ್ನಿಸ್ತು. ಇಬ್ರೂ ಊಟ ಮಾಡ್ಲಿಲ್ಲ.

22, ಗುರುವಾರ

ಯೋಗಾನಂದ ಸಾರ್ ಕರೆಸಿದ್ರು. "ಒಂಬತ್ತನೇ ಬೆಡ್‌ನ ಆ ಹಳೇ ಎಂಟ್ರಿ 'ಮೃತ' ಅಂತ ಬರೆದು ಕ್ಲೋಸ್ ಮಾಡಮ್ಮ. ಇನ್‌ಸ್ಪೆಕ್ಷನ್ ಇದೆ." ಸತ್ತಿದ್ದಕ್ಕೆ ಕಾಗದ ಎಲ್ಲಿ ಸಾರ್ ಅಂದೆ. ಫೋನ್ ನೋಡ್ಕೊಂಡು ಕೂತ್ರು.

ಮನೆಯವರು ಒಂದ್ಸಲ ಸಾಯಿಸಿದ್ದು ಸಾಕು. 'ಕರ್ಕೊಂಡು ಹೋದವರ ಸಹಿ' ಅನ್ನೋ ಕಾಲಮ್‌ನಲ್ಲಿ ಸೈನ್ ಹಾಕ್ದೆ. ಅನು, ತಂಗಿ ಮಗಳು.

ಅದೇ ದಿನ, ಸಂಜೆ 6.40

ಮೆಟ್ರೋ ಕಿಕ್ಕಿರಿದಿತ್ತು. ನನ್ನ ಪಕ್ಕದ ಸೀಟ್ ಖಾಲಿ. ಯಾರೂ ಕೂರಲಿಲ್ಲ. ದೀಪಾಂಜಲಿ ನಗರದಲ್ಲಿ ನಾನು ಎದ್ದಾಗ ಒಬ್ಬ ಆಂಟಿ ಆ ಸೀಟ್ ನೋಡ್ಕೊಂಡು, "ಇವರೂ ಇಳೀತಾರಾ?" ಅಂದ್ರು.

ಮನೆಗೆ ಬಂದು ನೇರ ರೂಮಿಗೆ. ಹಾಲ್‌ನಲ್ಲಿ ಅಮ್ಮ ಮಾತಾಡ್ತಾ ಇದಾರೆ. ಫೋನು ಅನ್ಕೊಂಡೆ. ಅಮ್ಮನ ಫೋನ್ ಇಲ್ಲೇ, ನನ್ನ ಟೇಬಲ್ ಮೇಲೆ ಚಾರ್ಜ್‌ಗಿದೆ.

"ತಪ್ಪಾಯ್ತು ಅಕ್ಕ, ಬುದ್ಧಿ ಇರ್ಲಿಲ್ಲ ಆಗ" ಅಂತ ಅಳ್ತಾ ಇದಾರೆ. ನಡುವೆ ಸುಮ್ನಾಗ್ತಾರೆ, ಯಾರೋ ಹೇಳೋದನ್ನ ಕೇಳಿಸ್ಕೊಳ್ಳೋ ಹಾಗೆ. ಈಗ ಅಂದ್ರು — "ಸೈನ್ ಹಾಕಿದ್ದು ಅವಳೇ ತಾನೇ. ಅವಳ ರೂಮಲ್ಲೇ ಇರು ಅಕ್ಕ. ಹೋಗು."

ಸೈನ್ ವಿಷಯ ನಾನಿನ್ನೂ ಅಮ್ಮಂಗೆ ಹೇಳೇ ಇಲ್ಲ.

ಬಾಗಿಲು ಮುಂದೆ ಮಾಡಿದೀನಿ. ಚಿಲಕ ಹಾಕೋಕೆ ಕೈ ಬರ್ತಿಲ್ಲ. ಅವರೆಲ್ಲರ ಹಾಗೆ ನಾನೂ ಬಾಗಿಲು ಹಾಕಿಬಿಟ್ರೆ ದೊಡ್ಡಮ್ಮ ಮತ್ತೆಲ್ಲಿಗೆ ಹೋಗ್ತಾರೆ...