ರಿಮೋಟ್ ಯಾರ ಕೈಯಲ್ಲಿತ್ತು

ಅಕ್ಕಾ,

ಇದು ಕ್ಷೇಮ ಸಮಾಚಾರ ಕೇಳುವ ಪತ್ರವಲ್ಲ. ನೀನು ಕೊಟ್ಟ ಹೇಳಿಕೆಯ ನಕಲು ಶುಕ್ರವಾರ ನನ್ನ ಕೈಗೆ ಬಂತು. ವಿಚಾರಣೆ ಕಚೇರಿಯ ಗುಮಾಸ್ತ ಅದನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿ, ಓದಿಕೊಂಡು ಸಹಿ ಹಾಕಿ ಅಂದ. ಎರಡು ಪುಟ. ಶಾಲೆಯಲ್ಲಿ ನನ್ನ ನೋಟ್‌ಬುಕ್ಕುಗಳ ಮೇಲೆ ಹೆಸರು ಬರೆದುಕೊಡುತ್ತಿದ್ದೆಯಲ್ಲ, ಅದೇ ದುಂಡನೆಯ ಅಕ್ಷರ. ಫೋನ್ ಮಾಡಿ ಬಾಯಿಗೆ ಬಂದಂತೆ ಬಯ್ಯೋಣ ಅಂದುಕೊಂಡೆ. ಆದರೆ ನಾನು ಬಯ್ದರೆ ನೀನು ಅಳುತ್ತೀ, ನೀನು ಅತ್ತರೆ ನಾನೇ ಸಮಾಧಾನ ಮಾಡಬೇಕು. ಇಷ್ಟು ವರ್ಷ ನಡೆದುಕೊಂಡು ಬಂದದ್ದೇ ಹಾಗೆ. ಕಾಗದದ ಮುಂದೆ ನೀನು ಎಷ್ಟು ಅತ್ತರೂ ನನಗೆ ಕಾಣುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈ ಕೆಲಸಕ್ಕೆ ನನ್ನನ್ನು ತಂದವಳೇ ನೀನು. ಡ್ರೋನ್ ಹಾರಿಸುವುದು ಹೆಣ್ಣುಮಗಳಿಗೆ ಒಂದು ಉದ್ಯೋಗವಾ ಅಂತ ಚಿಕ್ಕಪ್ಪ ನಕ್ಕಾಗ ನೀನು ಬಿಟ್ಟಿರಲಿಲ್ಲ. ಮದುವೆಯಲ್ಲಿ ತಲೆ ಮೇಲೆ ಗುಂಯ್ ಅಂತ ತಿರುಗುತ್ತಲ್ಲ ಅದಾ, ಅಂದಿದ್ದರು. ನೀನು ಬೆರಳು ಮಡಚಿ ಎಣಿಸಿದ್ದೆ. ಹೊಲಕ್ಕೆ ಔಷಧಿ ಹೊಡೆಯೋಕೆ ಇದೇ ಬೇಕು, ಸೇತುವೆಯ ಹೊಟ್ಟೆ ಕೆಳಗೆ ಬಿರುಕು ನೋಡೋಕೆ ಇದೇ ಬೇಕು, ಸೋಲಾರ್ ಫಲಕದಲ್ಲಿ ಯಾವುದು ಸತ್ತಿದೆ ಅಂತ ಬಿಸಿ ನೋಡಿ ಹೇಳೋದೂ ಇದೇ, ಜಮೀನು ಅಳೆಯೋದೂ ಇದೇ. ಚಿಕ್ಕಪ್ಪ ಸುಸ್ತಾಗಿ, ಸರಿ ತಾಯಿ ಹಾರಿಸಲಿ ಬಿಡು, ಅಂದರು. ಆಗ ನೀನಿನ್ನೂ ಅಂಗಡಿ ಮೂಲೆಯಲ್ಲಿ ಕೂತು ರವಿಕೆ ಹೊಲಿಯುತ್ತಿದ್ದೆ. ಆಮೇಲೆ ನೀನೂ ಕಂಪ್ಯೂಟರ್ ಮುಂದೆ ಕೂತು, ನಾನು ತಂದ ಸಾವಿರ ಫೋಟೋಗಳನ್ನು ಸೇರಿಸಿ ಒಂದು ನಕ್ಷೆ ಮಾಡುವುದನ್ನು ಕಲಿತೆ. "ಮೊದಲು ರವಿಕೆ ಹೊಲೀತಿದ್ದೆ, ಈಗ ಊರನ್ನೇ ಹೊಲೀತೀನಿ" ಅಂತ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದೆ. ನನಗೆ ನಿನ್ನ ಬಗ್ಗೆ ಎಷ್ಟು ಹೆಮ್ಮೆ ಇತ್ತು ಗೊತ್ತಾ?

ಭಾವನ ಬಗ್ಗೆಯೂ ಇತ್ತು. ಹಾರಿಸುವುದನ್ನು ಕಲಿಸಿದವರು ಅವರೇ. ನನ್ನ ಮೂಗಿನ ತುದಿಯ ಸಿಟ್ಟನ್ನು ತಡೆದುಕೊಂಡು, ತಪ್ಪಿದಾಗೆಲ್ಲ ಇನ್ನೊಂದು ಸಲ ಅಂತ ಅಷ್ಟೇ ಹೇಳಿ ಕಲಿಸಿದರು. ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಕೊನೆತನಕ ಹೊಂದಲಿಲ್ಲ. ರಿಮೋಟಿನಲ್ಲಿ ಎರಡು ಸ್ಟಿಕ್ ಇರುತ್ತವೆ. ಆಟದ ವಿಮಾನ ಹಾರಿಸಿ ಕಲಿತ ಭಾವನಂಥ ಹಳಬರು ಬಲಗೈ ಸ್ಟಿಕ್ಕಿನಿಂದ ಮೇಲೇರಿಸುತ್ತಾರೆ. ನಾನು ಎಡಗೈಯಿಂದ. ನನ್ನ ಸೆಟ್ಟಿಂಗಿನಲ್ಲಿ ಬಲಗೈ ಸ್ಟಿಕ್ ಒತ್ತಿದರೆ ಡ್ರೋನ್ ಏರುವುದಿಲ್ಲ, ಮುಂದಕ್ಕೆ ನುಗ್ಗುತ್ತದೆ. ಒಬ್ಬರ ರಿಮೋಟನ್ನು ಇನ್ನೊಬ್ಬರು ಮುಟ್ಟುವ ಮೊದಲು ಸೆಟ್ಟಿಂಗ್ ಬದಲಿಸಬೇಕು ಅನ್ನುವುದು ನಮ್ಮ ಮನೆಯ ಮೊದಲ ಪಾಠ. ತಾವು ನಡೆಸುವ ಡ್ರೋನ್ ಕ್ಲಾಸಿನಲ್ಲಿ ಭಾವ ಅದನ್ನು ಹೇಳಿ ಹೇಳಿ ಹುಡುಗರ ತಲೆ ತಿನ್ನುತ್ತಿದ್ದರು.

ಆ ದಿನ ನೀನು ಅಲ್ಲೇ ಇದ್ದೆ. ಆದರೂ ಹೇಳುತ್ತೇನೆ, ಯಾಕೆಂದರೆ ನೀನು ಬರೆದುಕೊಟ್ಟ ದಿನವೇ ಬೇರೆ. ಕಾರ್ಖಾನೆಯ ಚಿಮಣಿಯ ಫೋಟೋ ತೆಗೆಯಬೇಕಿತ್ತು. ನಮಗಾಗಿ ಬಾಯ್ಲರ್ ನಿಲ್ಲಿಸಿದ್ದರು, ಮಧ್ಯಾಹ್ನ ಮತ್ತೆ ಹಚ್ಚುವವರಿದ್ದರು. ತುದಿಯ ನಾಲ್ಕು ಫೋಟೋ ಬಾಕಿ ಇರುವಾಗ ಬ್ಯಾಟರಿ ಮುಗಿಯಿತು. ನಾನು ಡ್ರೋನ್ ಇಳಿಸಿ, ಹೊಸ ಬ್ಯಾಟರಿ ಹಾಕಿ, ಇನ್ನೊಂದು ಜೊತೆ ತರಲು ಗೋದಾಮಿನ ಆಚೆ ನಿಲ್ಲಿಸಿದ್ದ ವ್ಯಾನಿಗೆ ಹೋದೆ. ರಿಮೋಟನ್ನು ಪೆಟ್ಟಿಗೆಯ ಮೇಲಿಟ್ಟಿದ್ದೆ. ವ್ಯಾನಿನ ಬಾಗಿಲು ತೆಗೆಯುವಷ್ಟರಲ್ಲಿ ನಿನ್ನ ಫೋನ್ ಬಂತು. "ಬೇಗ ಬಾರೇ, ಇವರು ರಿಮೋಟ್ ತಗೊಂಡಿದ್ದಾರೆ. ಬೇಡ ಅಂದ್ರೂ ಕೇಳ್ತಿಲ್ಲ, ನಂಗೆ ಭಯ ಆಗ್ತಿದೆ." ನಿನಗೆ ಯಾಕೆ ಭಯ ಅಂತ ನನಗೆ ಗೊತ್ತಿತ್ತು. ಕಣ್ಣಿನ ಪೊರೆ ಬಲಿತು, ಪರೀಕ್ಷೆಯಲ್ಲಿ ಫೇಲಾಗಿ, ಭಾವನ ಲೈಸೆನ್ಸ್ ನಿಂತು ನಾಲ್ಕು ತಿಂಗಳಾಗಿತ್ತು. ನಾನು ಫೋನನ್ನು ಕಿವಿಗಿಟ್ಟುಕೊಂಡೇ ಓಡಿದೆ.

ಬ್ಯಾಟರಿ ಬದಲಿಸಿ ಒಂದು ಬಟನ್ ಒತ್ತಿದರೆ ಡ್ರೋನ್ ಕೆಲಸ ನಿಲ್ಲಿಸಿದ ಜಾಗಕ್ಕೆ ತಾನೇ ಹೋಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಕೈಯಿಂದ ನಡೆಸಬೇಕು. ಭಾವ ಚಿಮಣಿಯ ತುದಿಗೆ ಏರಿಸೋಣ ಅಂತ ಬಲಗೈ ಸ್ಟಿಕ್ ಒತ್ತಿದರು. ರಿಮೋಟ್ ನನ್ನ ಸೆಟ್ಟಿಂಗಿನಲ್ಲಿತ್ತು. ಡ್ರೋನ್ ಮುಂದಕ್ಕೆ ನುಗ್ಗಿತು. ಏರುತ್ತಿಲ್ಲವಲ್ಲ ಅಂತ ಇನ್ನೂ ಒತ್ತಿದರು. ಅದು ಚಿಮಣಿಯ ಕಬ್ಬಿಣದ ಏಣಿಗೆ ಬಡಿದ ಸದ್ದು ನನಗೆ ಫೋನಿನೊಳಗೂ ಹೊರಗೂ ಒಟ್ಟಿಗೇ ಕೇಳಿಸಿತು. ಬಿದ್ದದ್ದು ಕ್ಯಾಂಟೀನಿನ ಹಿಂದೆ, ಪಾತ್ರೆ ತೊಳೆಯುವ ಕಟ್ಟೆಯ ಮೇಲೆ. ರೆಕ್ಕೆಗಳು ಇನ್ನೂ ತಿರುಗುತ್ತಿದ್ದವು. ಅಲ್ಲಿ ಕೂತಿದ್ದ ಹೆಂಗಸು ಮುಖಕ್ಕೆ ಅಡ್ಡ ಹಿಡಿದ ಬಲಗೈಯನ್ನು ಅವು ಸೀಳಿದವು.

ನಾನು ಏದುಸಿರು ಬಿಡುತ್ತ ಬಂದು ನಿಂತಾಗ ಭಾವ, ಹಿಡ್ಕೋ, ಅಂದರು. ಹಿಡಿದುಕೊಂಡೆ. ಎದುರಿಗೆ ರಕ್ತ, ಕಿರುಚಾಟ, ಯಾರಿಗೆ ಯೋಚನೆ ಬರುತ್ತೆ? ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಓಡಿ ಬಂದು, ಯಾರು ಹಾರಿಸ್ತಿದ್ದಿದ್ದು, ಅಂತ ಕೇಳಿದಾಗ ರಿಮೋಟ್ ನನ್ನ ಕೈಯಲ್ಲಿತ್ತು. ನೀನು ನನ್ನ ಮುಖ ನೋಡಲಿಲ್ಲ. "ಇವಳೇ ಸರ್, ನಮ್ಮ ಪೈಲಟ್" ಅಂದೆ.

ಆ ಸಂಜೆ ನಿನ್ನ ಅಡುಗೆಮನೆಯಲ್ಲಿ ನೀನು ನನ್ನ ಎರಡೂ ಕೈ ಹಿಡಿದುಕೊಂಡೆ. ಲೈಸೆನ್ಸ್ ಇಲ್ಲದೆ ಹಾರಿಸಿದ್ದು ಗೊತ್ತಾದರೆ ಭಾವ ಜೈಲಿಗೆ ಹೋಗುತ್ತಾರೆ, ಕ್ಲಾಸ್ ಮುಚ್ಚಿಹೋಗುತ್ತೆ ಅಂದೆ. ನನ್ನ ಹೆಸರಿನಲ್ಲಾದರೆ ಜೋರು ಗಾಳಿ ಬಂತು ಅಂದರೆ ಮುಗೀತು, ಹೆಚ್ಚೆಂದರೆ ಎರಡು ತಿಂಗಳು ತಡೆ ಅಂದೆ. ಅಗ್ನಿಶಾಮಕ ದಳದ ಡ್ರೋನ್ ಪೈಲಟ್ ಕೆಲಸಕ್ಕೆ ನಾನು ಆಯ್ಕೆಯಾಗಿದ್ದು ನಿನಗೆ ಗೊತ್ತಿತ್ತು. ಹೊಗೆ ತುಂಬಿದ ಕಟ್ಟಡದಲ್ಲಿ ಬಿಸಿ ಗುರುತಿಸುವ ಕ್ಯಾಮೆರಾದಿಂದ ಗೊಂಬೆ ಹುಡುಕುವ ಪರೀಕ್ಷೆಯಲ್ಲಿ ನಾನು ಮೊದಲು ಬಂದ ದಿನ, ನನಗಿಂತ ಹೆಚ್ಚು ಕುಣಿದವಳು ನೀನು. ಆ ಕೆಲಸ ಏನಾಗುತ್ತೆ ಅಂತ ನಾನು ಕೇಳಿದೆ. ಅವರು ಕಾಯ್ತಾರೆ ಕಣೇ, ಅಂದೆ ನೀನು. ನಾನು ಒಪ್ಪಿದೆ. ಗಾಳಿ ಅಂತ ನಾನೂ ಸುಳ್ಳು ಬರೆದುಕೊಟ್ಟೆ. ಅದು ನನ್ನ ತಪ್ಪು, ನಿನ್ನ ತಲೆಗೆ ಕಟ್ಟುವುದಿಲ್ಲ.

ಆದರೆ ಆ ದಿನ ಗಾಳಿಯೇ ಇರಲಿಲ್ಲ ಅಂತ ಹವಾಮಾನ ಕಚೇರಿಯಿಂದ ವರದಿ ಬಂತು. ಇನ್ನು ಉಳಿದದ್ದು ಎರಡೇ. ಒಂದೋ ಯಂತ್ರ ಕೆಟ್ಟಿತ್ತು, ಅಂದರೆ ಅದನ್ನು ನೋಡಿಕೊಳ್ಳುವ ಭಾವನ ಕುತ್ತಿಗೆಗೆ ಬರುತ್ತೆ. ಇಲ್ಲವೇ ಪೈಲಟ್ ಬೇಜವಾಬ್ದಾರಿ. ನೀನು ನನ್ನನ್ನು ಒಂದು ಮಾತೂ ಕೇಳದೆ ಹೋಗಿ ಬರೆದುಕೊಟ್ಟೆ. "ನನ್ನ ತಂಗಿ ಹಾರಿಸುವಾಗ ಫೋನಿನಲ್ಲಿ ಮಾತನಾಡುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ನಿಂತು ಎರಡು ಸಲ ಎಚ್ಚರಿಸಿದೆ. ಅವಳು ಕೇಳಲಿಲ್ಲ."

ಯಾವ ಫೋನು ಅಕ್ಕ? ಯಾರ ಜೊತೆ ಮಾತಾಡುತ್ತಿದ್ದೆ? ಅದನ್ನೂ ಬರೆಯಬೇಕಿತ್ತು. ಸುಳ್ಳು ಕಟ್ಟಲು ನಿನಗೆ ಬೇರೆ ಏನೂ ಸಿಗಲಿಲ್ಲವಾ? ನನಗೆ ತಲೆ ಸುತ್ತಿತು ಅನ್ನಬಹುದಿತ್ತು, ಕೈ ಜಾರಿತು ಅನ್ನಬಹುದಿತ್ತು. ನೀನು ಹೆದರಿ ನನ್ನನ್ನು ಕರೆದ ಆ ಕರೆಯನ್ನೇ ತೆಗೆದು ನನ್ನ ಕುತ್ತಿಗೆಗೆ ಕಟ್ಟಿದೆ. ಗುಮಾಸ್ತನ ಮುಂದೆ ಕೂತು ಅದನ್ನು ಮೂರು ಸಲ ಓದಿದೆ. ಅವನು ಪಾಪ, ನೀರು ಬೇಕಾ ಮೇಡಂ, ಅಂದ.

ಅದನ್ನೂ ಹೊಟ್ಟೆಗೆ ಹಾಕಿಕೊಂಡುಬಿಡುತ್ತಿದ್ದೆನೇನೋ. ನನ್ನ ಮೊಂಡುತನ ಎಲ್ಲರ ಮುಂದೆ ನಡೆಯುತ್ತೆ, ನಿನ್ನ ಮುಂದೆ ಎಂದೂ ನಡೆದಿಲ್ಲ. ಆದರೆ ಶನಿವಾರ ನಾನು ಆ ಹೆಂಗಸನ್ನು ನೋಡಲು ಹೋದೆ. ನೀವಿಬ್ಬರೂ ಇಲ್ಲಿಯವರೆಗೆ ಹೋಗಿಲ್ಲವಂತೆ. ಒಂದೇ ಕೋಣೆಯ ಮನೆ, ಗೋಡೆಗೆ ಒರಗಿಸಿದ ಮಂಚ. ಎರಡು ಬೆರಳು ಇನ್ನು ಮಡಚುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಎಡಗೈಯಲ್ಲಿ ಲೋಟ ತೊಳೆದು ನನಗೆ ಚಹಾ ಕೊಟ್ಟಳು. ಲೋಟ ಎರಡು ಸಲ ಜಾರಿತು. ನಾನು ಎದ್ದು ಹಿಡಿಯಲು ಹೋದರೆ ಬೇಡ ಅಂದಳು. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಅಧಿಕಾರಿಗಳು ಅವಳಿಗೂ ನಿನ್ನ ಹೇಳಿಕೆ ಓದಿ ಹೇಳಿದ್ದರು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ" ಅಂದಳು. "ನನ್ನ ಕೈಗಿಂತ ಹೆಚ್ಚಿನದು ಏನಿತ್ತಮ್ಮ ಆ ಫೋನಲ್ಲಿ?"

ನೀನಿದ್ದೆ ಅಕ್ಕ. ಆ ಫೋನಿನಲ್ಲಿ ನೀನಿದ್ದೆ. ನನಗೆ ಅಳು ತಡೆಯಲಾಗಲಿಲ್ಲ. ನಾನು ಹಾರಿಸುತ್ತಿರಲಿಲ್ಲ, ಗೋದಾಮಿನ ಆಚೆಯಿಂದ ಓಡಿ ಬರುತ್ತಿದ್ದೆ, ಅಕ್ಕ ಕರೆದಿದ್ದಳು ಅಂತ ಎಲ್ಲ ಹೇಳಿಬಿಟ್ಟೆ. ಅವಳು ನನ್ನ ಲೋಟ ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ, "ಇದನ್ನ ಅಲ್ಲಿ ಹೋಗಿ ಹೇಳು. ನನ್ನ ಹತ್ರ ಹೇಳಿದ್ರೆ ಏನು ಬಂತು?" ಅಂದಳು.

ಇವತ್ತು ಬೆಳಿಗ್ಗೆ ಹೋಗಿ ಹೇಳಿದೆ. ಪ್ರತಿ ಹಾರಾಟದಲ್ಲಿ ಯಾವ ಸ್ಟಿಕ್ ಎಷ್ಟು ಒತ್ತಿದರು ಅಂತ ರಿಮೋಟು ಬರೆದಿಟ್ಟುಕೊಳ್ಳುತ್ತದೆ. ಆ ದಾಖಲೆ ಕೊಟ್ಟೆ. ಚಿಮಣಿಯ ಎದುರಿಗೇ ಬಲಗೈ ಸ್ಟಿಕ್ ಪೂರ್ತಿ ಒತ್ತಿದ್ದು ಅದರಲ್ಲಿದೆ. ಏರಬೇಕಾದ ಕಡೆ ನಾನು ಹಾಗೆ ಒತ್ತುವವಳಲ್ಲ ಅಂತ ಭಾವನ ಶಿಷ್ಯರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಫೋನ್ ಕಂಪನಿಯ ಪಟ್ಟಿಯನ್ನೂ ಕೊಟ್ಟೆ. ಆ ಹೊತ್ತಿನ ಕರೆ ನಿನ್ನ ನಂಬರಿನಿಂದ, ಮೂವತ್ತೆಂಟು ಸೆಕೆಂಡು. ಅಧಿಕಾರಿ ಕನ್ನಡಕ ತೆಗೆದು, "ಪಕ್ಕದಲ್ಲೇ ನಿಂತವರು ನಿಮಗೆ ಫೋನ್ ಯಾಕೆ ಮಾಡಿದ್ರು?" ಅಂತ ಕೇಳಿದರು. ಅದನ್ನು ಅವರನ್ನೇ ಕೇಳಿ ಅಂದೆ. ಬುಧವಾರ ಹತ್ತು ಗಂಟೆಗೆ ನಿನ್ನನ್ನು ಕರೆಸುತ್ತಾರೆ. ಗಾಳಿ ಅಂತ ಸುಳ್ಳು ಬರೆದದ್ದಕ್ಕೆ ನನಗೂ ಶಿಕ್ಷೆ ಇದೆ. ಅಗ್ನಿಶಾಮಕ ದಳದ ಕೆಲಸ ಸಿಗುತ್ತೋ ಇಲ್ಲವೋ ಗೊತ್ತಿಲ್ಲ, ಸಿಗಲಿಕ್ಕಿಲ್ಲ ಅಂತಲೇ ಅನ್ನಿಸುತ್ತದೆ. ಅದಕ್ಕಾಗಿ ಹೋದೆ ಅಂದುಕೊಳ್ಳಬೇಡ.

ಭಾವನ ಮೇಲೆ ನನಗೆ ಸಿಟ್ಟಿದೆ, ಅದು ಇಳಿಯುತ್ತೆ. ಹೆದರಿದ ಮನುಷ್ಯ ರಿಮೋಟನ್ನು ಇನ್ನೊಬ್ಬರ ಕೈಗೆ ತುರುಕಿದ, ಅದು ಅರೆಗಳಿಗೆಯ ಬುದ್ಧಿ. ನೀನು ಕೂತು, ಯೋಚಿಸಿ, ಅಕ್ಷರ ದುಂಡಗೆ ಮಾಡಿ ಬರೆದಿದ್ದೀ. ಅದನ್ನು ಏನು ಮಾಡಲಿ ಅಂತ ನನಗೆ ಗೊತ್ತಾಗುತ್ತಿಲ್ಲ.

ಬುಧವಾರ ನಿಜ ಹೇಳು. ನನಗಾಗಿ ಅಲ್ಲ, ಆ ಹೆಂಗಸು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಿರುತ್ತಾಳೆ, ಅವಳ ಮುಖ ನೋಡಿ ಹೇಳು. ಭಾವನ ಕಣ್ಣಿನ ಆಪರೇಷನ್ ಇನ್ನೂ ಮುಂದೂಡಬೇಡ. ನಿನಗೆ ಒಳ್ಳೆಯದಾಗಲಿ, ನಿನ್ನ ಮನೆ ತಣ್ಣಗಿರಲಿ ಅಂತಲೇ ನನ್ನ ಹಾರೈಕೆ, ಇದರಲ್ಲಿ ಸುಳ್ಳಿಲ್ಲ. ಆದರೆ ಅಕ್ಕ, ಇನ್ನು ಯಾವತ್ತಾದರೂ ಭಯವಾದರೆ ನನಗೆ ಫೋನ್ ಮಾಡಬೇಡ. ಮಾಡಿದರೆ ನಾನು ಮತ್ತೆ ಓಡಿ ಬಂದುಬಿಡುತ್ತೇನೆ.

ಹೋಗಿ ಬರುತ್ತೇನೆ ಅನ್ನಲಾರೆ, ಹೋಗುತ್ತೇನೆ.

ನೀನು ಮೊಂಡಿ ಅಂತ ಕರೆಯುತ್ತಿದ್ದ,
ನಿನ್ನ ತಂಗಿ